ಹೇಳಿದ್ದು ಸ್ವಿಸ್, ಬಿಚ್ಚಿದ್ರೆ ಬೇರೆ: ನಕಲಿ ವಾಚ್‌ಗಳ ಮಶೀನ್ ಜೊತೆ ನನ್ನ ಅನುಭವ

ಮೊದಲೇ ಹೇಳ್ಬಿಡ್ತೀನಿ, ನಾನು ವಾಚ್ ರಿಪೇರಿಯೋನಲ್ಲ. ಹಗಲು ಹೊತ್ತು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ರಾತ್ರಿ ಹತ್ತಾದ್ಮೇಲೆ ಊಟದ ಟೇಬಲ್ ಒರೆಸಿ ಬಿಳಿ ಬಟ್ಟೆ ಹಾಸ್ಕೊಂಡು ಕೂತ್ಕೊಳ್ಳೋ ಚಟ, ಅಷ್ಟೆ. ಕಲಿತಿದ್ದು ಸೋದರಮಾವನ ಹತ್ರ, ಅವರು ತುಮಕೂರು ಎಚ್‌ಎಂಟಿ ಫ್ಯಾಕ್ಟರಿಲಿ ಅಸೆಂಬ್ಲಿಲಿ ಇದ್ದೋರು. ವಾಚಿನೊಳಗೆ ಓಡೋ ಯಂತ್ರಕ್ಕೆ ಮೂವ್‌ಮೆಂಟ್ ಅಂತ ಅವರ ಬಾಯಲ್ಲಿ ಬಂದಿದ್ದೇ ಇಲ್ಲ, ಯಾವಾಗ್ಲೂ "ಮಶೀನ್" ಅಂತಾನೇ, ನಂಗೂ ಅದೇ ರೂಢಿ ಆಗಿದೆ.

ಶುರುವಾಗಿದ್ದು ಹೀಗೆ. ಆಫೀಸಲ್ಲಿ ಪಕ್ಕದ ಸೀಟಿನ ಗೆಳೆಯ ಒಂದಿನ ಒಂದು ಕವರಲ್ಲಿ ಎರಡು ವಾಚ್ ತಂದಿಟ್ಟ, ಎರಡೂ ಡೈವರ್ ವಾಚು, ಎರಡರ ಮೇಲೂ ರೋಲೆಕ್ಸ್‌ನ ಕಿರೀಟದ ಗುರುತು. ಒಂದು ಅವನು ಹೊರದೇಶಕ್ಕೆ ಟೂರ್ ಹೋದಾಗ ತಗೊಂಡಿದ್ದು, ಇನ್ನೊಂದು ಭಾವಮೈದುನಂದು. "ಗುರು, ಒಳಗೆ ಸ್ವಿಸ್ ಇಟಿಎ ಮಶೀನ್ ಅಂತೆ, ಆದ್ರೆ ದಿನಕ್ಕೆ ಒಂದು ನಿಮಿಷ ಮುಂದೆ ಓಡುತ್ತೆ, ಸ್ವಲ್ಪ ನೋಡ್ಕೊಡೋ" ಅಂದ. (ಇಟಿಎ ಅಂದ್ರೆ ಮಶೀನ್ ಮಾಡೋ ಸ್ವಿಸ್ ಕಂಪನಿ.) ನಕಲಿ ಅಂತ ಅವನಿಗೂ ಗೊತ್ತು ನಂಗೂ ಗೊತ್ತು. ಸುಳ್ಳು ಬ್ರ್ಯಾಂಡ್ ಹಾಕಿರೋ ಮಾಲು ಮಾರೋದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಪ್ರಕಾರ ಜೈಲಿಗೆ ಹೋಗೋ ಅಪರಾಧ, ಅದಕ್ಕೇ ಇಂಥವನ್ನ ನಾನು ಕೊಳ್ಳಲ್ಲ, ಮಾರಲ್ಲ, ರಿಪೇರಿಗೆ ದುಡ್ಡೂ ಇಸ್ಕೊಳ್ಳಲ್ಲ. ಆದ್ರೆ ಕುತೂಹಲ ಇದ್ಯಲ್ಲ, ಅದು ಬೇರೆ.

ಮುಚ್ಚಳ ಬಿಚ್ಚಿದೆ. ಮೊದಲನೇದು, ಗೆಳೆಯಂದು, ನೋಡಿದ ತಕ್ಷಣ ನಗು ಬಂತು. ರೋಟರ್ (ಕೈ ಅಲ್ಲಾಡಿದಾಗ ತಿರುಗಿ ತಾನಾಗೇ ಕೀ ಕೊಡೋ ಅರೆಚಕ್ರ) ಮೇಲೆ ಚಿನ್ನದ ಬಣ್ಣದಲ್ಲಿ ದೊಡ್ಡ ಬ್ರ್ಯಾಂಡ್ ಹೆಸರು, ಅದರ ಕೆಳಗೆ ಒಂದು ತೆಳು ಅಲಂಕಾರದ ಪ್ಲೇಟ್, ಆ ಪ್ಲೇಟ್ ಎತ್ತಿದ್ರೆ ಡಿಜಿ2813. ಚೀನಾದ ಅಗ್ಗದ ಮಶೀನ್ ಅದು, ಜಪಾನಿನ ಮಿಯೋಟಾ 8215 ವಿನ್ಯಾಸ ನೋಡ್ಕೊಂಡು ಮಾಡಿರೋದು, 21 ಜುವೆಲ್ (ಗೇರುಗಳ ತುದಿ ಕೂರೋ ಹರಳು), ಗಂಟೆಗೆ 21,600 ಬೀಟ್, ಅಂದ್ರೆ ಸೆಕೆಂಡಿಗೆ 6 ಟಿಕ್. ಅಸಲಿ ರೋಲೆಕ್ಸ್‌ನ 3135 ಮಶೀನಲ್ಲಿ 31 ಜುವೆಲ್, 28,800 ಬೀಟ್, ಬ್ಯಾಲೆನ್ಸನ್ನ (ಹಿಂದೆ ಮುಂದೆ ತೂಗಾಡ್ತಾ ಟೈಮ್ ಅಳೆಯೋ ಚಕ್ರ) ಎರಡೂ ಕಡೆಯಿಂದ ಹಿಡಿಯೋ ಪೂರ್ತಿ ಸೇತುವೆ ಇರುತ್ತೆ. ಇದರಲ್ಲಿ ಬ್ಯಾಲೆನ್ಸ್ ಒಂದೇ ಕಾಲಿನ ಮೇಲೆ ನಿಂತಿತ್ತು. ವಾಚ್ ಬಿಚ್ಚೋದೂ ಬೇಡ, ಸೆಕೆಂಡ್ ಮುಳ್ಳು ನೋಡಿದ್ರೇನೇ ಅನುಮಾನ ಬರ್ಬೇಕು, ಈ 8215 ಜಾತಿಲಿ ಸೆಕೆಂಡ್ ಮುಳ್ಳಿಗೆ ಶಕ್ತಿ ನೇರವಾಗಿ ಬರಲ್ಲ, ಪಕ್ಕದ ಗೇರಿಂದ ಬರುತ್ತೆ, ಒಂದು ಪುಟ್ಟ ಸ್ಪ್ರಿಂಗ್ ಅದನ್ನ ಒತ್ತಿ ಹಿಡ್ದಿರುತ್ತೆ, ಹಂಗಾಗಿ ಮುಳ್ಳು ಆಗಾಗ ತಡವರಿಸುತ್ತೆ. ಅದು ಕಾಯಿಲೆ ಅಲ್ಲ, ಹುಟ್ಟುಗುಣ. ರೋಟರ್ ಒಂದೇ ದಿಕ್ಕಿಗೆ ಕೀ ಕೊಡುತ್ತೆ, ಇನ್ನೊಂದು ದಿಕ್ಕಿಗೆ ಸುಮ್ನೆ ಗಿರಗಿರ ತಿರುಗುತ್ತೆ, ಆ ಶಬ್ದ ಕೇಳಿ ಎಷ್ಟೋ ಜನ ಏನೋ ಕಳಚಿಕೊಂಡಿದೆ ಅಂತ ಹೆದರ್ತಾರೆ.

ಎರಡನೇದು ಸ್ವಲ್ಪ ಮರ್ಯಾದಸ್ಥ. ನೋಡೋಕೆ ಇಟಿಎ 2824-2 ತರಾನೇ, 28,800 ಬೀಟ್, ಸೆಕೆಂಡ್ ಮುಳ್ಳು ನಯವಾಗಿ ಹೋಗ್ತಿತ್ತು. ಆದ್ರೆ ಅಸಲಿ ಇಟಿಎ ಆದ್ರೆ ಬ್ಯಾಲೆನ್ಸ್ ಪಕ್ಕ ಕೆಳಗಡೆ ಪ್ಲೇಟ್ ಮೇಲೆ ಅವರ ಮುದ್ರೆ, ನಂಬರು ಒತ್ತಿರ್ತಾರೆ, ಇಲ್ಲಿ ಆ ಜಾಗ ಬೋಳು. ಅಂದ್ರೆ ಚೀನಾದ ಕ್ಲೋನ್, ಅದೇ ವಿನ್ಯಾಸದ ತದ್ರೂಪು. ಇಲ್ಲೊಂದು ಮಾತು ಹೇಳ್ಬೇಕು, ಈ ಕ್ಲೋನ್ ಮಶೀನ್‌ಗಳೇ ಕಳ್ಳಮಾಲು ಅಂದ್ಕೋಬೇಡಿ. 2824 ವಿನ್ಯಾಸ ಹಳೇದು, ಪೇಟೆಂಟ್ ಮುಗಿದುಹೋಗಿದೆ, ಸ್ವಿಟ್ಜರ್ಲೆಂಡಲ್ಲೇ ಸೆಲ್ಲಿಟಾದವರು ಎಸ್‌ಡಬ್ಲ್ಯು200 ಅಂತ ಅದನ್ನೇ ಒಂದು ಜುವೆಲ್ ಜಾಸ್ತಿ ಹಾಕಿ 26 ಜುವೆಲಲ್ಲಿ ಮಾಡ್ತಾರೆ, ಟಿಯಾಂಜಿನ್‌ನ ಸೀಗಲ್‌ನವರು ಎಸ್‌ಟಿ2130 ಅಂತ ತಮ್ಮ ಹೆಸರಲ್ಲೇ ಮಾರ್ತಾರೆ. ಸುಳ್ಳು ಇರೋದು ಅದರ ಮೇಲೆ ಇನ್ಯಾರದ್ದೋ ಹೆಸರು ಕೆತ್ತೋದ್ರಲ್ಲಿ. (ನಮ್ಮ ಎಚ್‌ಎಂಟಿ ಪೈಲಟ್ ಕಥೆ ಇದರ ಉಲ್ಟಾ. "ಮುಂಬೈ ಸ್ಪೆಷಲ್" ಅಂತ ಓಡಾಡ್ತಿರೋ ಬಣ್ಣಬಣ್ಣದ ಪೈಲಟ್‌ಗಳಲ್ಲಿ ಸಾಮಾನ್ಯವಾಗಿ ಒಳಗಿನ 0231 ಮಶೀನ್ ಅಸಲಿ ಎಚ್‌ಎಂಟಿ, 17 ಜುವೆಲ್, ಡಯಲ್ ಮಾತ್ರ ಯಾರೋ ಹೊಸದಾಗಿ ಬಣ್ಣ ಬಳಿದಿರೋದು. ಮಾವನಿಗೆ ಅಂಥದ್ದೊಂದು ತೋರಿಸಿದಾಗ ಒಂದು ನಿಮಿಷ ಮಾತೇ ಆಡ್ಲಿಲ್ಲ.)

ಬಿಚ್ಚೋ ಮುಂಚೆ ಟೈಮ್‌ಗ್ರಾಫರ್ ಮೇಲೆ ಇಟ್ಟೆ, ಅದು ಟಿಕ್ ಶಬ್ದ ಕೇಳಿಸ್ಕೊಂಡು ಲೆಕ್ಕ ಹಾಕೋ ಯಂತ್ರ. ಹೊಸಬರು ಇಲ್ಲಿ ಒಂದು ತಪ್ಪು ಮಾಡ್ತಾರೆ, ನಾನೂ ಮಾಡಿದ್ದೆ, ಲಿಫ್ಟ್ ಆ್ಯಂಗಲ್ (ಒಂದೊಂದು ಮಶೀನಿಗೂ ಬೇರೆ ಇರೋ ಒಂದು ಕೋನ) ಸೆಟ್ ಮಾಡದೇ ಆಂಪ್ಲಿಟ್ಯೂಡ್, ಅಂದ್ರೆ ಬ್ಯಾಲೆನ್ಸ್ ಎಷ್ಟು ಡಿಗ್ರಿ ತೂಗುತ್ತೆ ಅನ್ನೋದು, ನೋಡ್ತಾರೆ. ಯಂತ್ರ ತಾನಾಗೇ 52 ಡಿಗ್ರಿ ತೋರಿಸ್ತಿರುತ್ತೆ, ಆದ್ರೆ 2824ಗೆ 50 ಹಾಕ್ಬೇಕು, 8215ಗೆ 49, ಜಪಾನಿನ ಸೈಕೋ ಕಂಪನಿಯ ಎನ್‌ಎಚ್35 ಮಶೀನಿಗೆ 53. ತಪ್ಪು ಹಾಕಿದ್ರೆ ಆಂಪ್ಲಿಟ್ಯೂಡ್ ಸುಳ್ಳು ಬರುತ್ತೆ. ಡಯಲ್ ಮೇಲಕ್ಕೆ ಇಟ್ಟಾಗ ಡಿಜಿ ಮಶೀನ್ ದಿನಕ್ಕೆ 62 ಸೆಕೆಂಡ್ ಮುಂದೆ, ಆಂಪ್ಲಿಟ್ಯೂಡ್ 208, ಬೀಟ್ ಎರರ್ (ಟಿಕ್‌ಗೂ ಟಾಕ್‌ಗೂ ಇರೋ ಅಂತರದ ವ್ಯತ್ಯಾಸ) 2.4 ಮಿಲಿಸೆಕೆಂಡ್. ಕ್ಲೋನ್ ಬರೀ 4 ಸೆಕೆಂಡ್ ಹಿಂದೆ, ಆಹಾ ಅನ್ಕೊಂಡು ಕೀ ಕೆಳಕ್ಕೆ ಬರೋ ಹಾಗೆ ತಿರುಗಿಸಿದ್ರೆ 38 ಸೆಕೆಂಡ್ ಹಿಂದೆ! ಹೋಲಿಕೆಗೆ ನನ್ನದೇ ಎಸ್‌ಡಬ್ಲ್ಯು200 ಇಟ್ಟೆ, ಅದು ಯಾವ ಭಂಗಿಲಿ ಇಟ್ರೂ 12 ಸೆಕೆಂಡ್ ಒಳಗೇ ಆಡ್ತಿತ್ತು, ಆಂಪ್ಲಿಟ್ಯೂಡ್ 285. ಒಂದೇ ಭಂಗಿಲಿ ನೋಡಿ "ಸೂಪರ್ ಟೈಮ್ ಕೀಪಿಂಗ್" ಅಂತ ವಿಡಿಯೋ ಹಾಕೋರನ್ನ ನಾನು ನಂಬಲ್ಲ ಅನ್ನೋದು ಇದಕ್ಕೇ.

ಡಿಜಿಯನ್ನ ಮೊದಲು ಮೊಬೈಲಿನ ದಿಕ್ಸೂಚಿ ಹತ್ರ ಹಿಡ್ದೆ, ಮುಳ್ಳು ಗಿರ್ ಅಂತ ತಿರುಗ್ತು. ಮ್ಯಾಗ್ನೆಟ್ ಆಗಿದೆ. ಬ್ಯಾಲೆನ್ಸನ್ನ ತೂಗಿಸೋ ಕೂದಲಿನಂಥ ಹೇರ್‌ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಅಂಟ್ಕೊಂಡ್ರೆ ಸ್ಪ್ರಿಂಗ್ ಗಿಡ್ಡ ಆದ ಹಾಗೆ, ವಾಚ್ ಮುಂದೆ ಓಡುತ್ತೆ. ನೀಲಿ ಡಬ್ಬಿ ಡಿಮ್ಯಾಗ್ನೆಟೈಸರ್ ಮೇಲೆ ಇಟ್ಟು ಬಟನ್ ಒತ್ಕೊಂಡೇ ವಾಚನ್ನ ನಿಧಾನಕ್ಕೆ ಮೇಲೆತ್ತಿದೆ, 62 ಇದ್ದಿದ್ದು 21ಕ್ಕೆ ಬಂತು, ಅರ್ಧ ನಿಮಿಷದ ಕೆಲಸ. ಆಮೇಲೆ ಬೀಟ್ ಎರರ್, ಹೇರ್‌ಸ್ಪ್ರಿಂಗ್ ತುದಿ ಹಿಡ್ದಿರೋ ಕೈಯನ್ನ ಕೂದಲೆಳೆಯಷ್ಟು ಸರಿಸ್ಬೇಕು, ಅದನ್ನ ಸರಿಸಿದ್ರೆ ಪಕ್ಕದ, ವೇಗ ತಿದ್ದೋ ರೆಗ್ಯುಲೇಟರ್ ಕೈಯೂ ಜೊತೆಗೇ ಬರುತ್ತೆ, ಇದನ್ನ ಸರಿ ಮಾಡಿದ್ರೆ ಅದು ಕೆಡುತ್ತೆ, ಒಂದು ಗಂಟೆ ಹಗ್ಗಜಗ್ಗಾಟ. ಕೊನೆಗೆ 0.5ಕ್ಕೆ ನಿಲ್ಲಿಸಿ ರೇಟ್ 9 ಸೆಕೆಂಡ್ ಮುಂದೆ ಇಟ್ಟು ಕೈ ತೊಳ್ಕೊಂಡೆ. ಇದನ್ನ ಪೂರ್ತಿ ಬಿಚ್ಚಿ ಸರ್ವಿಸ್ ಮಾಡೋದು ವೇಸ್ಟ್. ಬಿಡಿ ಭಾಗ ನಂಗೆಲ್ಲೂ ಸಿಕ್ಕಿಲ್ಲ, ಕೆಟ್ರೆ ಇಡೀ ಮಶೀನ್ ಬದಲಾಯಿಸೋದೇ ಅಗ್ಗ.

ಕ್ಲೋನ್ ಮಾತ್ರ ಪೂರ್ತಿ ಬಿಚ್ಚಿದೆ, ಅದರ ಗುಣ ನೋಡಿ ಆಸೆ ಆಯ್ತು. ಕೀ ಕೊಟ್ರೆ ಅದರ ಜೊತೆ ರೋಟರೂ ಫ್ಯಾನ್ ತರ ತಿರುಗ್ತಿತ್ತು, ಇದು 2824 ಕುಟುಂಬದ ಹೆಸರುವಾಸಿ ಕಾಯಿಲೆ, ರಿವರ್ಸರ್ ಚಕ್ರಗಳು (ರೋಟರ್ ಯಾವ ಕಡೆ ತಿರುಗಿದ್ರೂ ಕೀ ಕೊಡಿಸೋ ಗೇರುಗಳು) ಒಣಗಿದ್ರೆ ಅಥವಾ ಕೊಳೆ ಕಟ್ಟಿದ್ರೆ ಹಿಂಗಾಗುತ್ತೆ. ಕೀ ಕಡ್ಡಿ ತೆಗೆಯೋವಾಗ ಅದನ್ನ ಬಿಡಿಸೋ ಪುಟ್ಟ ಬಟನ್ನನ್ನ ಹಗುರವಾಗಿ ಒತ್ತಿ, ಜೋರಾಗಿ ಅದುಮಿದ್ರೆ ಡಯಲ್ ಕೆಳಗಿನ ಲಿವರ್‌ಗಳು ಜಾಗ ಬಿಡ್ತವೆ, ಆಮೇಲೆ ಮುಳ್ಳು ಡಯಲ್ ಎಲ್ಲಾ ತೆಗೀದೆ ಬೇರೆ ದಾರಿ ಇಲ್ಲ. ಮೇನ್‌ಸ್ಪ್ರಿಂಗ್ (ಶಕ್ತಿ ತುಂಬಿಡೋ ಸ್ಪ್ರಿಂಗ್) ಬಿಗಿ ಇಳಿಸದೇ ಪ್ಯಾಲೆಟ್ ಫೋರ್ಕಿಗೆ (ಗೇರುಗಳನ್ನ ಟಿಕ್ ಟಿಕ್ ಅಂತ ತಡೆದು ಬಿಡೋ ಕವೆ) ಕೈ ಹಾಕ್ಬೇಡಿ, ಗೇರುಗಳೆಲ್ಲ ಒಂದೇ ಸಲ ಬಿಟ್ಟ ಬಾಣದ ಹಾಗೆ ತಿರುಗಿ ಪಿವಟ್, ಅಂದ್ರೆ ಅಚ್ಚಿನ ತೆಳು ತುದಿ, ಮುರೀತವೆ. ಒಳಗೆ ನೋಡಿದ್ರೆ ವಿನ್ಯಾಸದಲ್ಲಿ ತಪ್ಪೇ ಇಲ್ಲ, ತಪ್ಪೆಲ್ಲಾ ಜೋಡಿಸಿದವರ ಅವಸರದ್ದು. ಬ್ರಿಡ್ಜ್ ಅಂಚಲ್ಲಿ ಉಜ್ಜದೇ ಬಿಟ್ಟ ಲೋಹದ ಚೂರು, ಪ್ಲೇಟ್ ಮೇಲೆ ಯಾರದ್ದೋ ಬೆರಳಚ್ಚು, ಎಣ್ಣೆ ಬೇಕಾದ ಬ್ಯಾರೆಲ್‌ನಲ್ಲಿ (ಮೇನ್‌ಸ್ಪ್ರಿಂಗ್ ಇರೋ ಡಬ್ಬಿ) ಒಣ, ಬೇಡದ ಪ್ಯಾಲೆಟ್ ಪಿವಟ್‌ಗಳಿಗೆ ಧಾರಾಳ. ಡಯಲನ್ನ ಮಶೀನಿಗೆ ಸಿಗಿಸೋ ಕಾಲುಗಳು ಹೊಂದದೇ ಇದ್ದಿದ್ದಕ್ಕೆ ಕತ್ತರಿಸಿ ಗಮ್ ಹಾಕಿ ಅಂಟಿಸಿದ್ರು, ಅದನ್ನ ಬಿಡಿಸೋಕೇ ಮುಕ್ಕಾಲು ಗಂಟೆ.

ಇಲ್ಲೇ ನನ್ನ ದೊಡ್ಡ ಎಡವಟ್ಟು. ಎಲ್ಲಾ ಭಾಗ ವೈಟ್ ಪೆಟ್ರೋಲಲ್ಲಿ ತೊಳೆದು ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಜಾಲಿಸ್ದೆ, ಪ್ಯಾಲೆಟ್ ಫೋರ್ಕನ್ನೂ ಅದರಲ್ಲೇ ಹಾಕಿ, ಅಷ್ಟರಲ್ಲಿ ಮನೆಯವಳು ಸಿಲಿಂಡರ್ ಬದಲಾಯಿಸಿ ಅಂತ ಕರೆದ್ಲು, ಹೋದೋನು ಫೋನ್ ಮಾತಾಡ್ತಾ ಅರ್ಧ ಗಂಟೆ ಮರೆತೇಬಿಟ್ಟೆ. ಬಂದು ನೋಡಿದ್ರೆ ಫೋರ್ಕಿನ ಒಂದು ಹರಳು ಅಲ್ಲಾಡ್ತಿದೆ. ಆ ಹರಳನ್ನ ಹಿಡ್ದಿರೋದು ಅರಗು, ಅರಗು ಆಲ್ಕೋಹಾಲಲ್ಲಿ ಕರಗುತ್ತೆ, ಇದು ಗೊತ್ತಿದ್ದೂ ಮಾಡಿದೆ. ಭಾನುವಾರ ತುಮಕೂರಿಗೆ ಡಬ್ಬಿಲಿ ಹಾಕ್ಕೊಂಡು ಹೋದೆ. ಮಾವ ಐ ಗ್ಲಾಸ್ ಕಣ್ಣಿಗೆ ಸಿಗಿಸ್ಕೊಂಡು ನೋಡಿ "ಅರಗಿನ ಮನೆಗೆ ಸ್ಪಿರಿಟ್ ಸುರಿದ್ಯಲ್ಲೋ, ದುರ್ಯೋಧನನಿಗೂ ಈ ಐಡಿಯಾ ಬಂದಿರ್ಲಿಲ್ಲ" ಅಂದ್ರು. ಹಿತ್ತಾಳೆ ತಗಡಿನ ಮೇಲೆ ಫೋರ್ಕ್ ಇಟ್ಟು, ಸ್ಪಿರಿಟ್ ದೀಪದಲ್ಲಿ ಬಿಸಿ ಮಾಡಿ, ಸಾಸಿವೆಗಿಂತ ಸಣ್ಣ ಅರಗಿನ ಚೂರು ಮುಟ್ಟಿಸಿ ಕೂರಿಸಿದ್ರು. ಹರಳು ಎಷ್ಟು ಹೊರಗಿರ್ಬೇಕು ಅನ್ನೋದನ್ನ ಮೂರು ಸಲ ಬಿಸಿ ಮಾಡಿ ತಿದ್ದಿದ್ರು. 74 ವರ್ಷ ಅವರಿಗೆ, ಕೈ ಒಂಚೂರೂ ನಡುಗ್ಲಿಲ್ಲ.

ವಾಪಸ್ ಬಂದು ಜೋಡಿಸ್ದೆ. ಬ್ಯಾಲೆನ್ಸ್ ಹರಳಿಗೂ ವೇಗದ ಗೇರಿಗೂ ಮೋಬಿಯಸ್ ಕಂಪನಿಯ 9010 ಎಣ್ಣೆ, ನಿಧಾನ ತಿರುಗೋ ಕಡೆ ಎಚ್‌ಪಿ1300, ಪ್ಯಾಲೆಟ್ ಹರಳಿನ ತುದಿಗೆ 9415, ಪ್ಯಾಲೆಟ್ ಪಿವಟ್‌ಗಳಿಗೆ ಏನೂ ಇಲ್ಲ. ರಿವರ್ಸರ್ ಚಕ್ರಗಳು ತೊಳೆದ್ರೂ ಸರಿ ಹೋಗ್ಲಿಲ್ಲ, ನನ್ನ ಹತ್ರ ಹಳೇ ಅಸಲಿ 2824ರ ಜೋಡಿ ಇತ್ತು, ಹಾಕಿದ್ರೆ ಅಚ್ಚುಕಟ್ಟಾಗಿ ಕೂತ್ಕೊಂಡ್ತು, ರೋಟರ್ ಫ್ಯಾನ್ ನಿಂತೋಯ್ತು. ಆದ್ರೆ ಇದನ್ನ ನೋಡಿ ಎಲ್ಲಾ ಭಾಗ ಅದಲುಬದಲು ಆಗುತ್ತೆ ಅಂತ ಅಂದ್ಕೋಬೇಡಿ. ಮುಳ್ಳಿನ ವಿಷಯದಲ್ಲಂತೂ ಆಗಲ್ಲ, 2824ರ ಸೆಕೆಂಡ್ ಮುಳ್ಳಿನ ತೂತು 0.25 ಮಿಲಿಮೀಟರ್, ಎನ್‌ಎಚ್35ದು 0.20, ಮಶೀನ್ ಬದಲಾಯಿಸ್ತೀನಿ ಅನ್ನೋರು ಮೊದಲು ಇದನ್ನ ನೋಡ್ಕೊಳ್ಳಿ. ಕೊನೆಯ ಲೆಕ್ಕ: ಆಂಪ್ಲಿಟ್ಯೂಡ್ 276, ಭಂಗಿ ಭಂಗಿಗೆ ವ್ಯತ್ಯಾಸ 15 ಸೆಕೆಂಡ್. ನನ್ನ ಸೆಲ್ಲಿಟಾ ಹತ್ರಹತ್ರ ಬಂತು, ಅದಕ್ಕೆ ಬೇಕಾಗಿದ್ದು ಮೂರು ರಾತ್ರಿ, ಒಂದು ತುಮಕೂರು ಟ್ರಿಪ್, ಇನ್ನೊಂದು ಮಶೀನಿನ ಚಕ್ರಗಳು. ಅಷ್ಟು ಕೂಲಿ ಲೆಕ್ಕ ಹಾಕಿದ್ರೆ ಒಳ್ಳೆ ಎನ್‌ಎಚ್35 ಇರೋ, ಸ್ವಂತ ಹೆಸರಿನ ವಾಚ್ ಒಂದು ಬರುತ್ತೆ, ಗೆಳೆಯನಿಗೂ ಅದನ್ನೇ ಹೇಳಿದೆ.

ಡಯಲ್ ಮೇಲೆ ನೀರಿಗೆ 300 ಮೀಟರ್ ಅಂತ ಬರ್ದಿದೆ, ನೀರು ತಡೆಯೋ ಗ್ಯಾಸ್ಕೆಟ್ ನೋಡಿದ್ರೆ ಒಣಗಿದ ರಬ್ಬರ್ ಬ್ಯಾಂಡ್. ಬದಲಾಯಿಸಿ ಗ್ರೀಸ್ ಹಚ್ಚಿದೀನಿ, ಆದ್ರೂ ಕೈ ತೊಳೆಯೋವಾಗ ಬಿಚ್ಚಿಡು ಅಂತ ಹೇಳಿ ಕಳ್ಸಿದೆ. ಎರಡು ವಾರ ಆದ್ಮೇಲೆ ಇನ್ನೊಂದು ಕವರ್ ಹಿಡ್ಕೊಂಡು ಬಂದ, ಈ ಸಲ ಮೂರು ಸಣ್ಣ ಡಯಲ್ ಇರೋ ಕ್ರೋನೋಗ್ರಾಫ್, ಬಟನ್ ಒತ್ತಿದ್ರೆ ವಾರ ಬದಲಾಗುತ್ತೆ, ಸ್ಟಾಪ್‌ವಾಚ್ ಇಲ್ಲವೇ ಇಲ್ಲ. ಅದು ಇನ್ನೂ ಟೇಬಲ್ ಮೇಲೇ ಬಿದ್ದಿದೆ, ಮುಚ್ಚಳದ ಒಂದು ಸ್ಕ್ರೂ ತಲೆ ಯಾರೋ ಮುಂಚೇನೇ ಸವೆಸಿಟ್ಟಿದಾರೆ.