4ಕೆ ವಿಡಿಯೋ ನಡುವೆಯೇ ನಿಲ್ಲುತ್ತಿದ್ದುದಕ್ಕೆ ಪರಿಹಾರ

ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ 4ಕೆ ವಿಡಿಯೋ ತೆಗೆಯುವಾಗ ಕ್ಯಾಮೆರಾ ಸುಮ್ನೆ ನಿಂತುಬಿಡುತ್ತಿತ್ತು. 128 ಜಿಬಿ ಕಾರ್ಡಿನಲ್ಲಿ ಜಾಗ ಬೇಕಾದಷ್ಟಿತ್ತು. ಫಾರ್ಮ್ಯಾಟ್ ಮಾಡಿದರೂ ಅದೇ ಗೋಳು.

ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 100 ಎಂಬಿ ಅಂತಿತ್ತು. ಅದು ಓದುವ ವೇಗ! ಬರೆಯುವ ವೇಗದ ಗುರುತು ಮೂಲೆಯಲ್ಲಿ ಸಣ್ಣದಾಗಿತ್ತು: ಸಿ ಅಕ್ಷರದೊಳಗೆ 10. ಅಂದರೆ ಸೆಕೆಂಡಿಗೆ 10 ಎಂಬಿಗಷ್ಟೇ ಗ್ಯಾರಂಟಿ. ನನ್ನ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ. 8 ಬಿಟ್ ಸೇರಿದರೆ ಒಂದು ಬೈಟ್; 8ರಿಂದ ಭಾಗಿಸಿದರೆ 12.5 ಎಂಬಿ (ಮೆಗಾಬೈಟ್). ಹೇಗೆ ಸಾಕಾಗುತ್ತದೆ?

ಬಾಗಲಕೋಟೆಯಲ್ಲಿ ವಿ30 ಗುರುತಿನ ಕಾರ್ಡ್ ಕೇಳಿದೆ. ಅದರಲ್ಲಿ ಬರೆಯುವ ವೇಗ ಸೆಕೆಂಡಿಗೆ ಕನಿಷ್ಠ 30 ಎಂಬಿ. "256 ಜಿಬಿದು ಒಯ್ರಿ ಸರ" ಅಂದರು ಅಂಗಡಿಯವರು. ಒಂದೇ ಕಾರ್ಡ್ ಕೈಕೊಟ್ಟರೆ ಇಡೀ ಪ್ರವಾಸವೇ ಹೋಯ್ತು ಅಲ್ವಾ? 64ರದ್ದೇ ಎರಡು ತಗೊಂಡೆ. ಒಂದೊಂದರಲ್ಲೂ ಸುಮಾರು 80 ನಿಮಿಷದ ವಿಡಿಯೋ ಹಿಡಿಯುತ್ತದೆ, ನಡುವೆ ನಿಲ್ಲುವುದಿಲ್ಲ.