ಬೀಗ ಹಾಕಿದ ವಾರ್ಡಿನಲ್ಲಿ ಚೇತರಿಕೆಯನ್ನು ಅಳೆಯಲು ಹೊರಟಾಗ

ಇಂಗ್ಲೆಂಡಿನ ಮಧ್ಯಮ ಭದ್ರತೆಯ ಮನೋರೋಗ ಘಟಕವೊಂದರಲ್ಲಿ ವೈದ್ಯನಾಗಿದ್ದಾಗ, ರೋಗಿಗಳ ಚೇತರಿಕೆಯನ್ನು ಅಳೆಯಲು ಯಾವ ಮಾಪನ ಯೋಗ್ಯವೆಂದು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿದ್ದ ಹೆಚ್ಚಿನವರು 1983ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನ್ಯಾಯಾಲಯದ ಆದೇಶದಿಂದ ಬಂದವರು. ಅವರ ಬಿಡುಗಡೆಯ ತೀರ್ಮಾನದಲ್ಲಿ ನಮ್ಮ ವರದಿಗೆ ಬಹಳ ತೂಕವಿದ್ದುದರಿಂದ, ತಪ್ಪು ಅಂಕವೊಂದು ಒಬ್ಬ ಮನುಷ್ಯನ ಆಯುಷ್ಯದ ವರ್ಷಗಳನ್ನೇ ನುಂಗಬಹುದೆಂಬ ಭಯ ನನಗೆ ಮೊದಲಿನಿಂದಲೂ ಇತ್ತು.

ಎಚ್‌ಸಿಆರ್-20 ಹಿಂಸೆಯ ಅಪಾಯವನ್ನು ವಿವೇಚಿಸಿ ತೂಗಲು ಒಳ್ಳೆಯ ಸಾಧನ. ಆದರೆ ಅದರ 20 ಅಂಶಗಳಲ್ಲಿ 10 ಕಳೆದುಹೋದ ಕಾಲಕ್ಕೆ ಸೇರಿದವು. ಹಿಂದೆ ನಡೆಸಿದ ಹಲ್ಲೆಯನ್ನು ಯಾವ ಚಿಕಿತ್ಸೆಯೂ ಅಳಿಸಲಾರದು. ಹೀಗಾಗಿ ಚೇತರಿಕೆಯ ಅಳತೆಯಾಗಿ ಅದನ್ನು ಕೈಬಿಟ್ಟೆವು.

ಹೆಚ್ಚು ಕಾಲ ಪರೀಕ್ಷಿಸಿದ್ದು ಭದ್ರತಾ ಘಟಕಗಳ ರೋಗಿಗಳ ಸ್ಥಿತಿಯನ್ನು ಅಳೆಯುವ ಹೊನೋಸ್-ಸೆಕ್ಯೂರ್ ಎಂಬ ಮಾಪನವನ್ನು. ಅದರಲ್ಲಿ 0ಯಿಂದ 4ರವರೆಗೆ ಅಂಕ ಕೊಡುವ 12 ಅಂಶಗಳಿವೆ (ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು), ಭದ್ರತೆಯ ಅಗತ್ಯವನ್ನು ಅಳೆಯುವ 7 ಅಂಶಗಳು ಪ್ರತ್ಯೇಕವಾಗಿವೆ. ನಾನೂ ಹಿರಿಯ ನರ್ಸ್ ಒಬ್ಬರೂ ಪರಸ್ಪರ ಚರ್ಚಿಸದೆ ಒಂದೇ ರೋಗಿಗೆ ಅಂಕ ಕೊಟ್ಟು, ಬಳಿಕ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದೆವು. ಭ್ರಮೆಗಳ ವಿಷಯದಲ್ಲಿ ನಮ್ಮ ಅಂಕಗಳು ಬಹುಮಟ್ಟಿಗೆ ಹೊಂದುತ್ತಿದ್ದವು. ವಸತಿಯ ಅಂಶದಲ್ಲಿ ಮಾತ್ರ ಪದೇ ಪದೇ ಭಿನ್ನಾಭಿಪ್ರಾಯ ಬರುತ್ತಿತ್ತು: ಅವರು ವಾರ್ಡನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಕ ಕೊಟ್ಟರೆ, ನಾನು ರೋಗಿಯ ಊರಿನ ಮನೆಯನ್ನು ನೆನೆದು ಕೊಡುತ್ತಿದ್ದೆ. ಅದನ್ನು ಮಾತಾಡಿ ಸರಿಪಡಿಸಿಕೊಳ್ಳಲು ಸಾಧ್ಯವಾಯಿತು.

ನನ್ನನ್ನು ನಿಜವಾಗಿ ಕಾಡಿದ್ದು ಬೇರೆಯೇ ಪ್ರಶ್ನೆ. ಮದ್ಯವೇ ಸಿಗದ ವಾರ್ಡಿನಲ್ಲಿ ಮದ್ಯಪಾನದ ಅಂಶಕ್ಕೆ ತಿಂಗಳುಗಟ್ಟಲೆ 0 ಪಡೆದ ಒಬ್ಬ ರೋಗಿ, ಒಬ್ಬನೇ ಹೊರಗೆ ಹೋಗಿಬರಲು ಅನುಮತಿ ಸಿಕ್ಕ ಎರಡನೆಯ ವಾರವೇ ಕುಡಿದು ಬಂದ. ಅಂಕ ಏರಿತು, ತಂಡದವರು ಅವನು ಹದಗೆಟ್ಟನೆಂದು ನೊಂದರು. ನನಗನಿಸಿದ್ದು ಬೇರೆ: ಅದುವರೆಗೆ ನಾವು ಅಳೆದದ್ದು ಗೋಡೆಗಳನ್ನು, ಅವನನ್ನು ಅಳೆದದ್ದು ಅಂದೇ ಮೊದಲು. ಅಂದಿನಿಂದ, ಆ 12 ಅಂಶಗಳ ಚಿಕಿತ್ಸಾ ಅಂಕ ಇಳಿದರೂ ಭದ್ರತಾ ಅಂಕ ಇಳಿಯದಿದ್ದರೆ ಅದನ್ನು ಚೇತರಿಕೆಯೆಂದು ವರದಿಯಲ್ಲಿ ಬರೆಯುವುದನ್ನು ನಿಲ್ಲಿಸಿದೆವು.

ಭದ್ರತೆಯ ಅಗತ್ಯವನ್ನೂ ಚೇತರಿಕೆಯನ್ನೂ ತೂಗಲು ಐರ್ಲೆಂಡಿನಲ್ಲಿ ರೂಪುಗೊಂಡ ಡಂಡ್ರಮ್ ಮಾಪನಗಳಲ್ಲಿ ರೋಗಿಯೇ ತನಗೆ ಅಂಕ ಕೊಟ್ಟುಕೊಳ್ಳುವ ಭಾಗವೂ ಇದೆ. ಅದನ್ನು ಇದೇ ರೋಗಿಯೊಂದಿಗೆ ತುಂಬಿದಾಗ, ತಾನು ಚಿಕಿತ್ಸೆಯಲ್ಲಿ ಬಹಳ ಮುಂದೆ ಬಂದಿರುವೆನೆಂದು ಅವನು ಗುರುತು ಹಾಕಿದ. ನಮ್ಮ ಗುರುತು ಅದಕ್ಕಿಂತ ಹಿಂದಿತ್ತು. ಆ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟು ನಾವಿಬ್ಬರೂ ಒಂದು ಗಂಟೆ ಮಾತಾಡಿದೆವು, ಮತ್ತು ಕುಡಿತದ ಬಗ್ಗೆ ಅವನು ತಾನಾಗಿಯೇ ಬಾಯಿಬಿಟ್ಟದ್ದು ಆ ದಿನ.