ಅಡಿಯಲ್ಲಿ ಹೆಸರಿಲ್ಲದ ಸ್ಲಾಟ್ ಕಾರು

ಹಳೇ ಹುಬ್ಬಳ್ಳಿಯ ಗುಜರಿ ಅಂಗಡಿಯವರು ಈ ಆಟಿಕೆ ಕಾರು ಕೊಡುವಾಗಲೇ ಹೇಳಿಬಿಟ್ಟರು: "ಇದು ಓಡಂಗಿಲ್ರಿ, ಸೆಲ್ ಹಾಕೋ ಜಾಗಾನ ಇಲ್ಲ." ನನಗೆ ಬೇಕಾಗಿದ್ದೇ ಅದು. ತಿರುಗಿಸಿ ನೋಡಿದರೆ ಮುಂದಿನ ಚಕ್ರಗಳ ನಡುವೆ ಪ್ಲಾಸ್ಟಿಕ್ಕಿನ ಸಣ್ಣ ಅಲಗು, ಅದರ ಎರಡೂ ಪಕ್ಕ ತಾಮ್ರದ ಜಡೆ. ಅಲಗು ಟ್ರ್ಯಾಕಿನ ಸೀಳಿನಲ್ಲಿ ಕೂರುತ್ತದೆ. ಸೀಳಿನ ಅಕ್ಕಪಕ್ಕದ ಲೋಹದ ಪಟ್ಟಿಗಳಿಂದ ಜಡೆಗಳು ಕರೆಂಟ್ ಎತ್ತಿಕೊಳ್ಳುತ್ತವೆ. ಸ್ಟೀರಿಂಗ್ ಇಲ್ಲ, ವೇಗ ಮಾತ್ರ ನಮ್ಮ ಕೈಯಲ್ಲಿ. ಇಂಗ್ಲೆಂಡಿನಲ್ಲಿ 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಸ್ಲಾಟ್ ಕಾರಿನ ಸೆಟ್ ಬಂತು, 60ರ ದಶಕದಲ್ಲಿ ಇದರ ಹುಚ್ಚು ಜೋರಾಯಿತು. ಹುಬ್ಬಳ್ಳಿಗೆ ಇದು ಯಾರದ್ದೋ ಸೂಟ್‌ಕೇಸಿನಲ್ಲಿ ಬಂದಿರಬೇಕು.

ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಕಾರಿನ ಅಡಿಯಲ್ಲಿ ಹೆಸರು ಅಚ್ಚು ಹಾಕುತ್ತವೆ. ಇದರಲ್ಲಿ ಇದ್ದದ್ದು "ಮೇಡ್ ಇನ್ ಹಾಂಗ್‌ಕಾಂಗ್" ಅಷ್ಟೇ. ಆಗ ಅಳತೆಗೆ ಇಳಿಯಬೇಕು. ಬಾಡಿಯ ಚಂದ ನೋಡಿ ಹೆಸರು ಊಹಿಸುವುದು ನನಗೆ ಅಷ್ಟು ಸರಿ ಬರುವುದಿಲ್ಲ. ನಮ್ಮ ಓಣಿಯಲ್ಲಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಫಿಟ್ಟರ್ ಒಬ್ಬರಿದ್ದಾರೆ. ಅವರ ವರ್ನಿಯರ್ ತಂದು ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ ಅಳೆದೆ. 75 ಮಿ.ಮೀ. ಇಂಥ ಕಾರುಗಳು ಹೆಚ್ಚಾಗಿ ನಿಜವಾದ ಕಾರಿನ 1/32 ಅಳತೆಯಲ್ಲಿರುತ್ತವೆ, ಹಾಗಾಗಿ ಇದನ್ನು 32ರಿಂದ ಗುಣಿಸಿದರೆ 2400. ಫೋರ್ಡ್ ಜಿಟಿ40 ಎಂಬ ರೇಸ್ ಕಾರಿನ ವ್ಹೀಲ್‌ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ದೂರ, 95 ಇಂಚು, ಅಂದರೆ 2413 ಮಿ.ಮೀ. ಸರಿ ಹೋಯಿತಲ್ವಾ? ಇಲ್ಲ, ಫೆರಾರಿ 330 ಪಿ4 ಕೂಡ 2400. ಅಳತೆಯೊಂದರಿಂದಲೇ ತೀರ್ಪು ಕೊಡಲಾಗದು. ಆಗ ಬಾಗಿಲು ನೋಡಿದೆ. ಜಿಟಿ40ಯ ಬಾಗಿಲಿನ ಗೆರೆ ಛಾವಣಿಯ ಮೇಲಕ್ಕೂ ಹತ್ತುತ್ತದೆ. ನನ್ನ ಕಾರಿನಲ್ಲೂ ಹಾಗೇ ಇತ್ತು. ಆ 40 ಎಂದರೆ ನೆಲದಿಂದ ಛಾವಣಿಗೆ 40 ಇಂಚು. 1/32ಕ್ಕೆ ಇಳಿಸಿದರೆ 32 ಮಿ.ಮೀ. ಆಗಬೇಕು. ನನ್ನದು ತುಸು ಎತ್ತರ. ಮೋಟರ್ ಹಿಡಿಸಲು ಬಾಡಿಯನ್ನು ಉಬ್ಬಿಸುವುದು ಈ ಆಟಿಕೆಗಳಲ್ಲಿ ಮಾಮೂಲು, ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ನಿಜವಾದ ಜಿಟಿ40 ಮೊದಲು ಕಾಣಿಸಿದ್ದು 1964ರಲ್ಲಿ, ಫ್ರಾನ್ಸಿನ ಲೆ ಮಾನ್ಸ್ ರೇಸ್ ಗೆದ್ದದ್ದು 1966ರಲ್ಲಿ. ಹಾಗಾಗಿ ಈ ಅಚ್ಚು 1964ಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ. ಮಾಡಿದವರ ಹೆಸರು ಸಿಗಲಿಲ್ಲ. ಸಿಗದಿದ್ದರೂ ನಡೆಯುತ್ತದೆ, ಮಾರುವ ಯೋಚನೆ ಇದ್ದವರಿಗೆ ಮಾತ್ರ ಅದು ಬೇಕು.

ಓಡಿಸುವ ಮುಂಚೆ ಮೋಟರ್. ನೋಡಲು ಶಾಲೆ ಮಕ್ಕಳ ಪ್ರಾಜೆಕ್ಟಿಗೆ ಸಿಗುವ 130 ಸೈಜಿನ ಮೋಟರಿನಂತೆಯೇ ಇತ್ತು. ಇಲ್ಲಿ ಹುಷಾರು. ಆ ಅಗ್ಗದ ಮೋಟರ್ ಸಾಮಾನ್ಯವಾಗಿ 3 ವೋಲ್ಟ್‌ನದು, ಸ್ಲಾಟ್ ಟ್ರ್ಯಾಕ್ ಸಾಮಾನ್ಯವಾಗಿ 12 ವೋಲ್ಟ್‌ನದು. ಅದನ್ನು ತಂದು ಹಾಕಿದರೆ ಹೊಗೆ ಬರುತ್ತದೆ. ಗುರುತಿಸಲು ಮಲ್ಟಿಮೀಟರ್ ಸಾಕು. 3 ವೋಲ್ಟ್‌ನದು ಒಂದೆರಡು ಓಮ್ ತೋರಿಸುತ್ತದೆ. 12 ವೋಲ್ಟ್‌ಗೆ ಸುತ್ತಿದ್ದರಲ್ಲಿ ತಂತಿ ತೆಳ್ಳಗೆ, ಸುತ್ತು ಜಾಸ್ತಿ, ಹಾಗಾಗಿ ಓಮ್ ಕೂಡ ಜಾಸ್ತಿ. ನನ್ನದು 16 ಆಸುಪಾಸು ತೋರಿಸಿತು, ನಿಶ್ಚಿಂತೆಯಾಯಿತು. 9 ವೋಲ್ಟ್‌ನ ಚೌಕ ಬ್ಯಾಟರಿಯನ್ನು ಜಡೆಗಳಿಗೆ ಮುಟ್ಟಿಸಿದೆ. ಮೊದಲು ಗೊರಗೊರ, ಆಮೇಲೆ ತಿರುಗಿತು, ಆದರೆ ಹಿಂದಕ್ಕೆ. ಎರಡು ವೈರ್ ಅದಲುಬದಲು ಮಾಡಿ ಬೆಸುಗೆ ಹಾಕಿದೆ. ಬುಷ್‌ಗಳಿಗೆ ಹೊಲಿಗೆ ಯಂತ್ರದ ಎಣ್ಣೆ, ಸೂಜಿ ತುದಿಯಿಂದ ಒಂದೊಂದೇ ಹನಿ. ಮೋಟರಿನೊಳಗೆ ಬ್ರಶ್ ಉಜ್ಜುವ ತಾಮ್ರದ ಭಾಗಕ್ಕೆ, ಅಂದರೆ ಕಮ್ಯುಟೇಟರಿಗೆ, ಮಾತ್ರ ಎಣ್ಣೆ ತಾಕಬಾರದು.

ಬಿಡಿಭಾಗ ಎಲ್ಲಿ ಸಿಗುತ್ತವೆ ಎಂದು ಎಲ್ಲರೂ ಕೇಳುತ್ತಾರೆ. ಕೊಪ್ಪಿಕರ್ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಬೆಸುಗೆ ತೆಗೆಯಲು ಬಳಸುವ ತಾಮ್ರದ ಜಡೆಯನ್ನು ಸ್ಪಿರಿಟ್‌ನಲ್ಲಿ ತೊಳೆದು ಕತ್ತರಿಸಿದರೆ ಕಾರಿನ ಜಡೆ ತಯಾರು. ಹಿಂದಿನ ಟಯರ್ ಕಲ್ಲಾಗಿದ್ದವು. ಪಂಪ್ ರಿಪೇರಿ ಅಂಗಡಿಯಿಂದ ಓ-ರಿಂಗ್ ತಂದು ಜೋಡಿಯಾಗಿ ಏರಿಸಿದೆ. ಆಮೇಲೆ ಪಾಲಿಷ್ ಕಾಗದದ ಮೇಲೆ ಹಿಂದಿನ ಚಕ್ರ ಊರಿ, ಕಡಿಮೆ ವೋಲ್ಟ್ ಕೊಟ್ಟು ತಿರುಗಿಸಿದರೆ ಎರಡೂ ಸಮನಾಗಿ ಸವೆದು ಚೆನ್ನಾಗಿ ಹಿಡಿಯುತ್ತವೆ.

ಟ್ರ್ಯಾಕ್ ಕೊಳ್ಳಲಿಲ್ಲ. 12 ಮಿ.ಮೀ. ಎಂಡಿಎಫ್ ಹಲಗೆಗೆ ಪರಿಚಯದ ಬಡಗಿಯೊಬ್ಬರು ಮರ ಕೊರೆಯುವ ಟ್ರಿಮ್ಮರ್ ಯಂತ್ರದಿಂದ 3 ಮಿ.ಮೀ. ಅಗಲ, 7 ಮಿ.ಮೀ. ಆಳದ ಸೀಳು ಕೊರೆದುಕೊಟ್ಟರು. ತಿರುವಿಗೆ ಮೊಳೆ ಹೊಡೆದು ಟ್ರಿಮ್ಮರನ್ನು ಕೈವಾರದಂತೆ ಸುತ್ತಿಸಿದರು. ಸೀಳಿನ ಎರಡೂ ಅಂಚಿಗೆ ತಾಮ್ರದ ಟೇಪ್, 12 ವೋಲ್ಟ್ ಅಡಾಪ್ಟರ್, ನಡುವೆ ಮೋಟರ್ ವೇಗ ನಿಯಂತ್ರಿಸುವ ಸಣ್ಣ ಬೋರ್ಡ್. ಒಂದೇ ಲೇನ್. ಬಡಗಿಗೆ ಇದು ಏನೆಂದು ಕೊನೆಯವರೆಗೂ ತಿಳಿಯಲಿಲ್ಲ, ಕಾರು ಒಂದು ಸುತ್ತು ಬಂದ ಮೇಲೆ ವೇಗದ ನಾಬ್ ನನ್ನ ಕೈಗೆ ವಾಪಸ್ ಬರಲೂ ಇಲ್ಲ.

ಈಗಿನ ಬಹಳಷ್ಟು ಕಾರುಗಳಿಗೆ ಅಡಿಯಲ್ಲಿ ಮ್ಯಾಗ್ನೆಟ್ ಇರುತ್ತದೆ, ಟ್ರ್ಯಾಕಿನ ಕಬ್ಬಿಣದ ಪಟ್ಟಿಗೆ ಅಂಟಿಕೊಂಡು ಓಡುತ್ತವೆ. ಇದಕ್ಕೆ ಮ್ಯಾಗ್ನೆಟ್ ಇಲ್ಲ. ಇದ್ದರೂ ತಾಮ್ರವನ್ನು ಅದು ಹಿಡಿಯುವುದಿಲ್ಲ. ತಿರುವಿಗೆ ಮೊದಲೇ ವೇಗ ಇಳಿಸಬೇಕು, ಅರ್ಧ ತಿರುವು ದಾಟಿದ ಮೇಲೆ ಮೆಲ್ಲಗೆ ಏರಿಸಬೇಕು. ಸರಿಯಾಗಿ ಮಾಡಿದರೆ ಹಿಂಬದಿ ತುಸು ಹೊರಗೆ ಜಾರಿ ಮತ್ತೆ ನೇರವಾಗುತ್ತದೆ. ನನಗೆ ಮಜಾ ಇರುವುದೇ ಆ ಜಾರಿನಲ್ಲಿ. ಮ್ಯಾಗ್ನೆಟ್ ಕಾರುಗಳು ವೇಗವಾಗಿ ಹೋಗುತ್ತವೆ, ಆದರೆ ನನಗೆ ಸಪ್ಪೆ. ಮೊದಮೊದಲು ಮೂತಿ ಎದ್ದು ಅಲಗು ಸೀಳಿನಿಂದ ಹೊರಬರುತ್ತಿತ್ತು. ಟಯರ್ ಅಂಗಡಿಯಲ್ಲಿ ಚಕ್ರ ಬ್ಯಾಲೆನ್ಸ್ ಮಾಡಲು ಅಂಟಿಸುವ 5 ಗ್ರಾಂ ತೂಕ ಸಿಗುತ್ತದಲ್ಲ, ಅದನ್ನು ಅಲಗಿನ ಹಿಂದೆಯೇ ಅಂಟಿಸಿದೆ. ಬಾಡಿ ಹಿಡಿದಿರುವ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲ ಬಿಟ್ಟೆ. ಬಾಡಿ ಒಂಚೂರು ಅಲ್ಲಾಡುವಂತಿದ್ದರೆ ಚಾಸಿ ಕುಣಿಯುವುದು ಕಡಿಮೆ, ಸದ್ದೂ ಕಡಿಮೆ.